ಸಿಡಿಲಿನ ವಾಸನೆಯ ಎಣ್ಣೆ

ಕಳೆದ ವರ್ಷ ಜಾತ್ರೆ ಮುಗಿಸಿಕೊಂಡು ಬಂದ ನಮ್ಮ ಸೋದರತ್ತೆ ಕೈಚೀಲದಿಂದ ಒಂದು ಪುಟ್ಟ ಗಾಜಿನ ಬಾಟಲಿ ತೆಗೆದು ನನ್ನ ಮುಂದಿಟ್ಟರು. 30 ಮಿಲಿ ಎಣ್ಣೆ. ಬೆಲೆ 480 ರೂಪಾಯಿ. ಚೀಟಿಯ ಮೇಲೆ 'ಓಝೋನೈಸ್ಡ್ ಆಲಿವ್ ಆಯಿಲ್' ಎಂದು ಬರೆದಿತ್ತು.

ಬಾಟಲಿ ಜೊತೆ ಒಂದು ಕರಪತ್ರವೂ ಇತ್ತು. ಗಜಕರ್ಣ, ಇಸಬು, ಮೊಡವೆ, ಸುಟ್ಟ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ತೊನ್ನು, ಕೂದಲು ಉದುರುವುದು, ಮುಖದ ಸುಕ್ಕು. ಎಲ್ಲಕ್ಕೂ ಇದೊಂದೇ ಎಣ್ಣೆಯಂತೆ. ಕೆಳಗೆ ನಿಕೋಲಾ ಟೆಸ್ಲಾ ಅವರ ಫೋಟೋ. ಅದರ ಪಕ್ಕ 'ಕ್ಯೂಬಾ ದೇಶದ ವಿಜ್ಞಾನಿಗಳು ಪರೀಕ್ಷಿಸಿದ್ದು' ಎಂಬ ಸಾಲು.

"ನೀ ಪೇಪರ್‌ನ್ಯಾಗ ಬರಿಯಾಂವ ಅದಿ. ಇದು ಖರೇನೋ ಸುಳ್ಳೋ ನೋಡಿ ಹೇಳು" ಅಂದರು ಅತ್ತೆ.

ಅವರಿಗೆ ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಸೊಂಟದ ಸುತ್ತ, ಒಂದು ವರ್ಷದಿಂದ ಗಜಕರ್ಣ. ರಾತ್ರಿ ನಿದ್ದೆ ಇಲ್ಲದಂತೆ ಕಡಿತ. ಊರಿನ ಮೆಡಿಕಲ್ ಅಂಗಡಿಯವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನ ತಣ್ಣಗಾಗುತ್ತಿತ್ತು, ವಾರ ಬಿಟ್ಟು ಇನ್ನೂ ಅಗಲವಾಗಿ ಏಳುತ್ತಿತ್ತು. ಅದಕ್ಕೇ 480 ರೂಪಾಯಿ ಕೊಟ್ಟು ಆ ಎಣ್ಣೆ ತಂದಿದ್ದರು. ಅದು ಅವರ ಎರಡು ದಿನದ ಕೂಲಿ.

ಇಡೀ ಸಂಗತಿಯೇ ಸುಳ್ಳು, ಒಂದು ಸಣ್ಣ ಸುದ್ದಿ ಮಾಡಿ ಮುಗಿಸಿದರಾಯಿತು ಎಂದು ಕೂತೆ. ಓದುತ್ತ ಹೋದಂತೆ ಹಾಗಲ್ಲ ಎಂದು ಗೊತ್ತಾಯಿತು. ಕರಪತ್ರದಲ್ಲಿ ನಿಜವೂ ಇತ್ತು. ನಿಜದ ಬೆನ್ನ ಮೇಲೆ ಸುಳ್ಳನ್ನು ಕೂರಿಸಿದ್ದರು. ಯಾವುದು ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯಲು ಈ ಎಣ್ಣೆಯ ಹಳೆಯ ಕಥೆಗೇ ಹೋಗಬೇಕಾಯಿತು.

ಮೊದಲು ಬಂದದ್ದು ವಾಸನೆ

ಓಝೋನ್ ಅಂದರೆ ನಮಗೆ ಶಾಲೆಯಲ್ಲಿ ಓದಿದ ಆಕಾಶದ ಓಝೋನ್ ಪದರ ನೆನಪಾಗುತ್ತದೆ. ಆದರೆ ಅದರ ವಾಸನೆ ನಿಮಗೆ ಆಗಲೇ ಗೊತ್ತು. ಹತ್ತಿರದಲ್ಲಿ ಸಿಡಿಲು ಬಡಿದ ಮೇಲೆ ಗಾಳಿಯಲ್ಲಿ ಒಂದು ಚುರುಕು ವಾಸನೆ ಬರುತ್ತದಲ್ಲ, ಅದು. ಝೆರಾಕ್ಸ್ ಅಂಗಡಿಯಲ್ಲಿ ಹಳೇ ಯಂತ್ರ ಬಿಸಿಯಾದಾಗ, ವೆಲ್ಡಿಂಗ್ ಶೆಡ್ಡಿನ ಮುಂದೆ ಹಾದುಹೋಗುವಾಗ ಬರುವ ವಾಸನೆಯಲ್ಲೂ ಅದು ಇರುತ್ತದೆ.

1785ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರ್ಟಿನಸ್ ಫಾನ್ ಮಾರುಮ್ ಎಂಬವರು ದೊಡ್ಡದೊಂದು ವಿದ್ಯುತ್ ಯಂತ್ರ ತಿರುಗಿಸುವಾಗ ಈ ವಾಸನೆ ಗಮನಿಸಿ ಬರೆದಿಟ್ಟರು. ವಿದ್ಯುತ್ತಿಗೇ ವಾಸನೆ ಇರಬೇಕು ಎಂದುಕೊಂಡು ಜನ ಸುಮ್ಮನಾದರು. 1839ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದ ಪ್ರೊಫೆಸರ್ ಕ್ರಿಶ್ಚಿಯನ್ ಶೋನ್‌ಬೈನ್ ನೀರಿನಲ್ಲಿ ಕರೆಂಟ್ ಹಾಯಿಸುವಾಗ ಅದೇ ವಾಸನೆ ಹಿಡಿದರು. ಇದು ಬೇರೆಯೇ ಒಂದು ವಸ್ತು ಎಂದು ಹೇಳಿ, ಗ್ರೀಕ್ ಭಾಷೆಯಲ್ಲಿ 'ವಾಸನೆ ಬರು' ಎಂಬ ಅರ್ಥದ ಮಾತಿನಿಂದ 'ಓಝೋನ್' ಎಂದು ಹೆಸರಿಟ್ಟರು. ಅದು ಆಮ್ಲಜನಕವೇ, ಆದರೆ ಎರಡು ಅಣುಕಣಗಳ ಬದಲು ಮೂರು ಸೇರಿ ಆದದ್ದು ಎಂದು 1865ರ ಹೊತ್ತಿಗೆ ಜಾಕ್ ಲೂಯಿ ಸೋರೆ ಲೆಕ್ಕ ಹಾಕಿ ತೋರಿಸಿದರು.

ಆ ಮೂರನೆಯ ಕಣ ಒಂದು ಕಡೆ ನಿಲ್ಲುವುದಿಲ್ಲ. ಸಿಕ್ಕಿದ ವಸ್ತುವಿಗೆ ಹೋಗಿ ಅಂಟುತ್ತದೆ. ರೋಗಾಣುವಿಗೆ ಅಂಟಿದರೆ ಅದು ಸಾಯುತ್ತದೆ, ಬಣ್ಣಕ್ಕೆ ಅಂಟಿದರೆ ಬಣ್ಣ ಹೋಗುತ್ತದೆ, ನಮ್ಮ ಶ್ವಾಸಕೋಶಕ್ಕೆ ಅಂಟಿದರೆ ಅಲ್ಲಿ ಉರಿಯೂತ. ಒಳ್ಳೆಯದೂ ಕೆಟ್ಟದ್ದೂ ಒಂದೇ ಗುಣದಿಂದ ಬರುತ್ತದೆ. ಮುಂದೆ ಬರುವ ಎಲ್ಲದಕ್ಕೂ ಇದೇ ಮೂಲ, ಹಾಗಾಗಿ ನೆನಪಿಡಿ.

ರೋಗಾಣು ಕೊಲ್ಲುವ ಗುಣವನ್ನು ಮೊದಲು ದೊಡ್ಡದಾಗಿ ಬಳಸಿದ್ದು ಕುಡಿಯುವ ನೀರಿಗೆ. 1893ರಲ್ಲಿ ನೆದರ್‌ಲ್ಯಾಂಡ್ಸ್‌ನ ಔಡ್ಸ್‌ಹೋರ್ನ್‌ನಲ್ಲಿ, 1906ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಓಝೋನ್ ಹಾಯಿಸಿ ನೀರು ಶುದ್ಧ ಮಾಡುವ ಘಟಕಗಳು ಬಂದವು. ಇವತ್ತು ಮದುವೆ ಮನೆಯಲ್ಲಿ ಕೈಗೆ ಕೊಡುವ ನೀರಿನ ಬಾಟಲಿಯ ಚೀಟಿ ಓದಿ, 'ಓಝೋನೈಸ್ಡ್' ಎಂಬ ಪದ ಹಲವು ಬಾಟಲಿಗಳ ಮೇಲೆ ಸಿಗುತ್ತದೆ. ಆದರೆ ನೀವು ಕುಡಿಯುವ ಹೊತ್ತಿಗೆ ಆ ನೀರಿನಲ್ಲಿ ಓಝೋನ್ ಇರುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅದು ಮಾಮೂಲಿ ಆಮ್ಲಜನಕವಾಗಿ ಹೋಗಿರುತ್ತದೆ.

ಅಂದರೆ ಓಝೋನನ್ನು ಬಾಟಲಿಯಲ್ಲಿ ತುಂಬಿಟ್ಟು ಮಾರಲು ಆಗುವುದಿಲ್ಲ. ಹಾಗಾದರೆ ಗಾಯಕ್ಕೆ ಹಚ್ಚುವುದು ಹೇಗೆ? ಎಣ್ಣೆಯ ಯೋಚನೆ ಬಂದದ್ದು ಇಲ್ಲಿಂದ.

ಬಿಸಿಲಿಗಿಟ್ಟ ಎಣ್ಣೆ

ಶೋನ್‌ಬೈನ್ ಕಾಲದಲ್ಲೇ ಒಂದು ಸಂಗತಿ ಗೊತ್ತಾಗಿತ್ತು. ಪೇಂಟಿಗೆ ಬೆರೆಸುತ್ತೇವಲ್ಲ, ಆ ಟರ್ಪೆಂಟೈನ್ ಎಣ್ಣೆಯನ್ನು ಗಾಳಿ ಬಿಸಿಲಿಗೆ ಇಟ್ಟರೆ ಅದಕ್ಕೆ ಓಝೋನಿನ ಹಾಗೆ ಬಣ್ಣ ತೆಗೆಯುವ ಶಕ್ತಿ ಬರುತ್ತಿತ್ತು. ಎಣ್ಣೆ ಗಾಳಿಯಿಂದ ಓಝೋನ್ ಹೀರಿಕೊಂಡಿದೆ ಎಂದು ಆಗಿನವರು ತಿಳಿದರು.

ಲಂಡನ್ನಿನ ಬ್ರಾಂಪ್ಟನ್ ಕ್ಷಯ ಆಸ್ಪತ್ರೆಯ ಡಾ. ಥಿಯೋಫಿಲಸ್ ಥಾಂಪ್ಸನ್ ಇದನ್ನು ರೋಗಿಗಳ ತನಕ ಒಯ್ದರು. 1850ರ ದಶಕದ ಕೊನೆಯಲ್ಲಿ ಅವರು ಬಿಸಿಲಿಗಿಟ್ಟು 'ಓಝೋನೀಕರಿಸಿದ' ಎಣ್ಣೆಗಳನ್ನು ಕ್ಷಯ ರೋಗಿಗಳಿಗೆ ಕುಡಿಸಿ, ನಾಡಿ ಬಡಿತ ಇಳಿಯಿತು ಎಂದು ರಾಯಲ್ ಸೊಸೈಟಿಗೆ ವರದಿ ಕೊಟ್ಟರು. ಮೀನೆಣ್ಣೆಯ ಜೊತೆ ಅವರು ಬಳಸಿದ ಎಣ್ಣೆಗಳಲ್ಲಿ ನಮ್ಮ ಕೊಬ್ಬರಿ ಎಣ್ಣೆಯೂ ಇತ್ತು. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದು 1882ರಲ್ಲಿ. ಅಂದರೆ ಯಾವುದರ ಮೇಲೆ ಗುಂಡು ಹೊಡೆಯುತ್ತಿದ್ದೇವೆ ಎಂದೇ ಗೊತ್ತಿಲ್ಲದ ಕಾಲ ಅದು.

ಇವತ್ತಿನ ಲೆಕ್ಕದಲ್ಲಿ ನೋಡಿದರೆ ಥಾಂಪ್ಸನ್ ಬಾಟಲಿಯಲ್ಲಿ ಓಝೋನ್ ಇರಲಿಲ್ಲ. ಬಿಸಿಲು ಮತ್ತು ಗಾಳಿ ಸೇರಿ ಎಣ್ಣೆಯಲ್ಲಿ ಪೆರಾಕ್ಸೈಡ್ ಎಂಬ ವಸ್ತುಗಳು ಹುಟ್ಟುತ್ತವೆ. ಮನೆಯಲ್ಲಿ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟ ಶೇಂಗಾ ಎಣ್ಣೆ ಕಮಟು ಹಿಡಿಯುತ್ತದಲ್ಲ, ಅದೂ ಇದೇ ದಾರಿಯ ಕೆಲಸ. ಒಂದು ರೀತಿಯಲ್ಲಿ ಅವರು ರೋಗಿಗಳಿಗೆ ಕುಡಿಸಿದ್ದು ಕಮಟು ಎಣ್ಣೆ. ಪಾಪ, ರೋಗಿಗಳು.

ಮಾವನ ಯಂತ್ರ, ಅಳಿಯನ ರಸಾಯನ

ನಿಜವಾದ ಓಝೋನ್ ಎಣ್ಣೆ ಆಗಬೇಕಾದರೆ ಬೇಕಾದಷ್ಟು ಓಝೋನ್ ತಯಾರಿಸುವ ಯಂತ್ರ ಬೇಕಿತ್ತು. ಅದನ್ನು 1857ರಲ್ಲಿ ಮಾಡಿದವರು ಜರ್ಮನಿಯ ವರ್ನರ್ ಸೀಮೆನ್ಸ್. ಒಂದರೊಳಗೆ ಒಂದು ಇಟ್ಟ ಎರಡು ಗಾಜಿನ ಕೊಳವೆ, ನಡುವಿನ ಸಂದಿಯಲ್ಲಿ ಗಾಳಿ, ಎರಡು ಬದಿಯಿಂದ ಹೈ ವೋಲ್ಟೇಜ್. ಕಿಡಿ ಹಾರದೆ, ಸಂದಿಯೆಲ್ಲ ನೀಲಿಯಾಗಿ ಹೊಳೆದು, ಒಳಗೆ ಹೋದ ಗಾಳಿ ಓಝೋನ್ ಸೇರಿ ಹೊರಗೆ ಬರುತ್ತದೆ. ಇವತ್ತಿನ ನೀರಿನ ಘಟಕಗಳ ಯಂತ್ರವೂ ಇದೇ ತತ್ವದ್ದು.

ಸೀಮೆನ್ಸ್ ಅವರ ಮಗಳನ್ನು ಮದುವೆಯಾದ ಕಾರ್ಲ್ ಹ್ಯಾರೀಸ್ ರಸಾಯನಶಾಸ್ತ್ರಜ್ಞ. 1900ರ ನಂತರದ ಹತ್ತು ಹದಿನೈದು ವರ್ಷ ಅವರು ರಬ್ಬರ್ ಮೇಲೂ, ಎಣ್ಣೆಯಲ್ಲಿರುವ ಓಲಿಕ್ ಆಮ್ಲದ ಮೇಲೂ ಓಝೋನ್ ಹಾಯಿಸಿ ಏನಾಗುತ್ತದೆ ಎಂದು ಬಿಡಿಸಿ ನೋಡಿದರು. ಮಾವನ ಯಂತ್ರಕ್ಕೆ ಅಳಿಯ ಕೆಲಸ ಹುಡುಕಿದ ಹಾಗೆ!

ಅವರು ಕಂಡದ್ದು ಇಷ್ಟು. ಎಣ್ಣೆ ಎಂದರೆ ಇಂಗಾಲದ ಉದ್ದ ಸರಪಳಿ. ಸರಪಳಿಯಲ್ಲಿ ಅಲ್ಲಲ್ಲಿ ಜೋಡಿ ಕೊಂಡಿಗಳಿರುತ್ತವೆ. ಓಝೋನ್ ಹೋಗಿ ಹಿಡಿಯುವುದು ಆ ಜೋಡಿ ಕೊಂಡಿಯನ್ನೇ. ಕೊಂಡಿ ಒಡೆದು, ಮೂರು ಆಮ್ಲಜನಕ ಸೇರಿದ ಒಂದು ಹೊಸ ಉಂಗುರ ಅಲ್ಲಿ ಕೂರುತ್ತದೆ. ಅದಕ್ಕೆ 'ಓಝೋನೈಡ್' ಎಂದು ಹೆಸರು. ಇದರ ಒಳಗುಟ್ಟನ್ನು 1950ರ ಆಸುಪಾಸಿನಲ್ಲಿ ರುಡಾಲ್ಫ್ ಕ್ರೀಗೀ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಪೂರ್ತಿ ಬಿಡಿಸಿದರು. ವರ್ಷಗಟ್ಟಲೆ ನಿಂತ ಟ್ರ್ಯಾಕ್ಟರಿನ ಟೈರ್ ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದಲ್ಲ, ಗಾಳಿಯಲ್ಲಿರುವ ಚೂರುಪಾರು ಓಝೋನ್ ರಬ್ಬರಿನ ಜೋಡಿ ಕೊಂಡಿ ಕಡಿಯುವುದೂ ಅದಕ್ಕೆ ಒಂದು ಕಾರಣ.

ಈಗ ನಮ್ಮ ಎಣ್ಣೆಗಳಿಗೆ ಬನ್ನಿ. ಯಾವ ಎಣ್ಣೆಯಲ್ಲಿ ಎಷ್ಟು ಜೋಡಿ ಕೊಂಡಿ ಇದೆ ಎಂದು ಅಳೆಯಲು ಅಯೋಡಿನ್ ಸಂಖ್ಯೆ ಎಂಬ ಲೆಕ್ಕವಿದೆ. ಕೊಬ್ಬರಿ ಎಣ್ಣೆಗೆ ಅದು 10ರ ಆಸುಪಾಸು. ಆಲಿವ್‌ಗೆ 80ರ ಮೇಲೆ. ಎಳ್ಳೆಣ್ಣೆಗೆ 110. ಸೂರ್ಯಕಾಂತಿಗೆ 130ರ ಆಸುಪಾಸು, ನಮ್ಮ ಕುಸುಬೆ ಎಣ್ಣೆಗೆ ಅದಕ್ಕೂ ಹೆಚ್ಚು. ಹಾಗಾಗಿ ಕೊಬ್ಬರಿ ಎಣ್ಣೆಗೆ ಎಷ್ಟು ಹೊತ್ತು ಓಝೋನ್ ಊದಿದರೂ ಅದು ಹಿಡಿದಿಟ್ಟುಕೊಳ್ಳುವುದು ಬಹಳ ಕಡಿಮೆ. 'ಓಝೋನ್ ಕೊಬ್ಬರಿ ಎಣ್ಣೆ' ಎಂದು ಹೆಚ್ಚು ದುಡ್ಡಿಗೆ ಮಾರಿದರೆ ನೀವು ಕೊಳ್ಳುತ್ತಿರುವುದು ಬಹುಪಾಲು ಕೊಬ್ಬರಿ ಎಣ್ಣೆಯನ್ನೇ.

ಆಲಿವ್ ಅಥವಾ ಸೂರ್ಯಕಾಂತಿ ಎಣ್ಣೆಗೆ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಓಝೋನ್ ಗುಳ್ಳೆ ಹಾಯಿಸಿದರೆ ಅದು ದಪ್ಪಗಾಗುತ್ತ ಹೋಗುತ್ತದೆ. ಆಲಿವ್ ಎಣ್ಣೆಯ ಹಸಿರು ಹೋಗಿ ಬೆಳ್ಳಗಾಗುತ್ತದೆ, ಕೊನೆಗೆ ಹೆಪ್ಪುಗಟ್ಟಿದ ತುಪ್ಪದ ಹಾಗೆ ಆಗುತ್ತದೆ. ಅದನ್ನು ಚರ್ಮಕ್ಕೆ ಹಚ್ಚಿದಾಗ ಅಲ್ಲಿನ ತೇವಕ್ಕೆ ಓಝೋನೈಡ್ ನಿಧಾನವಾಗಿ ಒಡೆದು ಪೆರಾಕ್ಸೈಡ್ ಬಿಡುತ್ತದೆ. ರೋಗಾಣುವನ್ನೂ ಫಂಗಸ್ಸನ್ನೂ ಹೊಡೆಯುವುದು ಅದು. ಬಾಟಲಿಯಲ್ಲಿ ಇರುವುದು ಓಝೋನ್ ಅನಿಲ ಅಲ್ಲ, ಅದು ಎಣ್ಣೆಯ ಮೇಲೆ ಬಿಟ್ಟುಹೋದ ಗುರುತು.

ಇಷ್ಟೆಲ್ಲ ವಿಜ್ಞಾನ ನಡೆಯುವಾಗ ಪಕ್ಕದಲ್ಲೇ ವ್ಯಾಪಾರವೂ ನಡೆದಿತ್ತು. ನ್ಯೂಯಾರ್ಕಿನ ಚಾರ್ಲ್ಸ್ ಮಾರ್ಚಂಡ್ ಎಂಬವರು 1890ರ ದಶಕದಿಂದ 'ಗ್ಲೈಕೋಝೋನ್' ಎಂಬ ಬಾಟಲಿ ಮಾರಿದರು. ಗ್ಲಿಸರಿನ್ನಿಗೆ ಓಝೋನ್ ತುಂಬಿದ್ದು ಎಂದು ಜಾಹೀರಾತು. ಗ್ಲಿಸರಿನ್ನಿನಲ್ಲಿ ಜೋಡಿ ಕೊಂಡಿಯೇ ಇಲ್ಲ, ಓಝೋನ್ ಹಿಡಿಯುವುದು ಎಲ್ಲಿಗೆ? ಕರಪತ್ರದ ಮೇಲಿದ್ದ ಟೆಸ್ಲಾ 1896ರಲ್ಲಿ ಅಮೆರಿಕದಲ್ಲಿ ಓಝೋನ್ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ನಿಜ. ಆದರೆ ಆ ಪೇಟೆಂಟ್ ಇರುವುದು ಯಂತ್ರದ ಬಗ್ಗೆ, ಚರ್ಮರೋಗದ ಬಗ್ಗೆ ಅಲ್ಲ. ಮೊದಲ ಮಹಾಯುದ್ಧದಲ್ಲಿ ಲಂಡನ್ನಿನ ಸೈನಿಕ ಆಸ್ಪತ್ರೆಯಲ್ಲಿ ಜಾರ್ಜ್ ಸ್ಟೋಕರ್ ಎಂಬ ವೈದ್ಯರು ಕೊಳೆತ ಗಾಯಗಳಿಗೆ ಓಝೋನ್ ಅನಿಲ ಹಾಯಿಸಿ, 21 ಸೈನಿಕರ ವಿವರವನ್ನು 1916ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಇವರು 'ಡ್ರಾಕುಲಾ' ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಅವರ ತಮ್ಮ.

ನಂತರ 1940ರ ದಶಕದಲ್ಲಿ ಪೆನಿಸಿಲಿನ್ ಬಂತು. 1958ರ ಹೊತ್ತಿಗೆ ಗಜಕರ್ಣಕ್ಕೆ ನುಂಗುವ ಔಷಧ ಗ್ರಿಸಿಯೋಫಲ್ವಿನ್ ಬಂತು. ಓಝೋನ್ ಹಿಂದಕ್ಕೆ ಸರಿಯಿತು.

ಔಷಧ ಇಲ್ಲದ ದ್ವೀಪದಲ್ಲಿ

ಕರಪತ್ರದಲ್ಲಿದ್ದ 'ಕ್ಯೂಬಾ' ಎಂಬ ಪದ ಸುಮ್ಮನೆ ಹಾಕಿದ್ದಲ್ಲ. ಈ ಎಣ್ಣೆಯ ಇತಿಹಾಸದಲ್ಲಿ ಗಟ್ಟಿಯಾದ ಅಧ್ಯಾಯ ಒಂದಿದ್ದರೆ ಅದು ಅಲ್ಲಿನದೇ.

ಕ್ಯೂಬಾ ಅಮೆರಿಕದ ಪಕ್ಕದ ಒಂದು ದ್ವೀಪ. ಅಮೆರಿಕ ಅದರ ಜೊತೆ ವ್ಯಾಪಾರ ನಿಲ್ಲಿಸಿ ದಶಕಗಳಾಗಿವೆ. ಅದಕ್ಕೆ ಆಸರೆಯಾಗಿದ್ದದ್ದು ಸೋವಿಯತ್ ಒಕ್ಕೂಟ. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೆಟ್ರೋಲ್ ಇಲ್ಲ, ಗೊಬ್ಬರ ಇಲ್ಲ, ಔಷಧ ಇಲ್ಲ. ಅಲ್ಲಿನ ಸರ್ಕಾರ ಆ ವರ್ಷಗಳನ್ನು 'ವಿಶೇಷ ಅವಧಿ' ಎಂದು ಕರೆಯಿತು. ಬಸ್ಸುಗಳು ನಿಂತು ಜನ ಸೈಕಲ್ ಹತ್ತಿದರು, ಟ್ರ್ಯಾಕ್ಟರ್ ನಿಂತು ಎತ್ತು ಹೂಡಿದರು.

ಹವಾನಾದ ರಾಷ್ಟ್ರೀಯ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದಿಂದಲೇ ಓಝೋನ್ ಮೇಲೆ ಕೆಲಸ ನಡೆದಿತ್ತು. ಔಷಧ ಸಿಗದ ದಿನಗಳಲ್ಲಿ ಆ ಕೆಲಸಕ್ಕೆ ಬೇರೆಯೇ ತೂಕ ಬಂತು. ಓಝೋನಿಗೆ ಬೇಕಾದದ್ದು ಆಮ್ಲಜನಕ ಮತ್ತು ಕರೆಂಟ್, ಎಣ್ಣೆಗೆ ಸೂರ್ಯಕಾಂತಿ. ಪೇಟೆಂಟಿಗೆ ದುಡ್ಡು ಕಟ್ಟಿ ಹೊರದೇಶದಿಂದ ತರಿಸಬೇಕಾದ್ದಿಲ್ಲ. ಅಲ್ಲಿಂದ ಬಂದದ್ದು 'ಓಲಿಯೋಝಾನ್', ಓಝೋನ್ ಹಾಯಿಸಿದ ಸೂರ್ಯಕಾಂತಿ ಎಣ್ಣೆ. 1990ರ ದಶಕದ ಕೊನೆಗೆ ಕಾಲ್ಬೆರಳ ಸಂದಿಯ ಫಂಗಸ್‌ಗೆ ಔಷಧವಾಗಿ ಅದು ಅಲ್ಲಿ ನೋಂದಣಿಯಾಯಿತು. ನಾಟಿ ಮಾಡುವವರಿಗೆ ನೀರಲ್ಲಿ ನಿಂತು ನಿಂತು ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತದೆ, ನಾವು ಕೆಸರುಹುಣ್ಣು ಅನ್ನುತ್ತೇವೆ. ಅಂಥ ತೊಂದರೆಗಳಲ್ಲಿ ಈ ಫಂಗಸ್ ಕೂಡ ಒಂದು.

ಕ್ಯೂಬನ್ನರು ಎಣ್ಣೆ ಮಾಡಿ ಸುಮ್ಮನೆ ಹಂಚಲಿಲ್ಲ, ಪರೀಕ್ಷೆಯನ್ನೂ ಮಾಡಿದರು. ಸಿಲ್ವಿಯಾ ಮೆನೆಂಡೆಸ್ ಮತ್ತು ಅವರ ಜೊತೆಗಾರರು ಕಾಲಿನ ಫಂಗಸ್ ಇದ್ದ 200 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಎಣ್ಣೆ, ಇನ್ನೊಂದಕ್ಕೆ ಆಗ ಎಲ್ಲೆಡೆ ಬಳಸುತ್ತಿದ್ದ ಕೀಟೋಕೊನಝೋಲ್ ಮುಲಾಮು. ದಿನಕ್ಕೆ ಎರಡು ಸಲದಂತೆ ಆರು ವಾರ. 2002ರಲ್ಲಿ 'ಮೈಕೋಸಿಸ್' ಎಂಬ ಫಂಗಸ್ ರೋಗಗಳ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎಣ್ಣೆ ಹಚ್ಚಿದವರಲ್ಲಿ ಶೇ 75 ಜನರಿಗೆ ಪೂರ್ತಿ ವಾಸಿ, ಮುಲಾಮಿನವರಲ್ಲಿ ಶೇ 81.

ಈ ಎರಡು ಅಂಕಿಯನ್ನು ನಾನು ಹಲವು ಸಲ ಓದಿದೆ. ಮುಲಾಮೇ ಸ್ವಲ್ಪ ಮುಂದಿದೆ. ಆದರೆ ಮುಲಾಮು ಸಿಗದ ದೇಶದಲ್ಲಿ ನೂರಕ್ಕೆ 75 ಎಂದರೆ ಕಡಿಮೆ ಮಾತಲ್ಲ. ಕ್ಯೂಬನ್ನರು ಅಲ್ಲಿ ಹೇಳಿದ್ದು ಪವಾಡದ ಕಥೆ ಅಲ್ಲ, ಇಲ್ಲದವರ ಮನೆಯ ಒಂದು ಪರ್ಯಾಯ. ಜಾತ್ರೆಯ ಕರಪತ್ರದಲ್ಲಿ ಕ್ಯೂಬಾದ ಹೆಸರಿತ್ತು, ಈ 75 ಮತ್ತು 81 ಇರಲಿಲ್ಲ.

2011ರಲ್ಲಿ ಅವರೇ ಉಗುರಿನ ಫಂಗಸ್ ಇದ್ದ 400 ಜನರ ಮೇಲೆ ಇನ್ನೊಂದು ಪರೀಕ್ಷೆ ಪ್ರಕಟಿಸಿದರು. ಅದರಲ್ಲಿ ಎಣ್ಣೆಗೆ ಶೇ 90.5, ಮುಲಾಮಿಗೆ ಶೇ 13.5. ನೋಡಿದರೆ ಎಣ್ಣೆ ಭರ್ಜರಿ ಗೆದ್ದ ಹಾಗೆ ಕಾಣುತ್ತದೆ. ಆದರೆ ಕೀಟೋಕೊನಝೋಲ್ ಮುಲಾಮು ಉಗುರಿನೊಳಕ್ಕೆ ಇಳಿಯುವುದಿಲ್ಲ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಉಗುರಿಗೆ ವೈದ್ಯರು ಮುಖ್ಯವಾಗಿ ಬರೆಯುವುದು ತಿಂಗಳುಗಟ್ಟಲೆ ನುಂಗುವ ಮಾತ್ರೆ. ಕುಂಟು ಎತ್ತಿನ ಜೊತೆ ಓಡಿಸಿ ನಮ್ಮ ಎತ್ತು ಗೆದ್ದಿತು ಅಂದರೆ ಯಾರು ಒಪ್ಪುತ್ತಾರೆ? ಎಣ್ಣೆ ಬೆಳೆಸಿದ ತಂಡವೇ ಪರೀಕ್ಷೆಯನ್ನೂ ಮಾಡಿದ್ದು ಎಂಬುದನ್ನೂ ಮರೆಯಬಾರದು. ಇಟಲಿಯ ಸಸ್ಸಾರಿಯಲ್ಲಿ 2001ರಲ್ಲಿ ಕ್ಯೂಬನ್ನರ ಜೊತೆ ಸೇರಿ ಅದೇ ಎಣ್ಣೆಯನ್ನು ಪ್ರಯೋಗಾಲಯದಲ್ಲಿ ನೋಡಿದಾಗ ಹಲವು ಬಗೆಯ ಬ್ಯಾಕ್ಟೀರಿಯಾ ಅದರಿಂದ ಸತ್ತವು. ಗಾಜಿನ ತಟ್ಟೆಯಲ್ಲಿ ಸತ್ತದ್ದೆಲ್ಲ ಮೈಮೇಲೂ ಸಾಯಬೇಕೆಂದಿಲ್ಲ.

ಗಾಯ ಮಾಯುವ ವಿಷಯದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಎಳ್ಳೆಣ್ಣೆಯ ಪರೀಕ್ಷೆ. 2011ರಲ್ಲಿ ಜುಸೆಪ್ಪೆ ವಲಾಕ್ಕಿ ಮತ್ತು ಸಂಗಡಿಗರು ಓಝೋನ್ ಹಾಯಿಸಿದ ಎಳ್ಳೆಣ್ಣೆಯನ್ನು ಮೂರು ಹದದಲ್ಲಿ ಮಾಡಿ ಇಲಿಗಳ ಗಾಯಕ್ಕೆ ಹಚ್ಚಿದರು. ನಡುವಿನ ಹದದ್ದರಿಂದ ಗಾಯ ಬೇಗ ಕೂಡಿತು. ಹೆಚ್ಚು ಓಝೋನ್ ಹಿಡಿದದ್ದು ಉಲ್ಟಾ ಹೊಡೆಯಿತು, ಮಾಯುವುದು ತಡವಾಯಿತು. ಯೂರಿಯಾ ಹಾಕಿದ ಹಾಗೇ ಇದೂ, ಹೆಚ್ಚಾದರೆ ಸುಡುತ್ತದೆ.

ಆ 480 ರೂಪಾಯಿ ಬಾಟಲಿ

ಹದ ಎಷ್ಟು ಎಂದು ತಿಳಿಯಲು ಪೆರಾಕ್ಸೈಡ್ ಮೌಲ್ಯ ಎಂಬ ಅಳತೆ ಇದೆ. ಸರಿಯಾಗಿ ಮಾಡಿದ ಓಝೋನ್ ಎಣ್ಣೆಗೆ ಅದನ್ನು ಅಳೆದು ಬ್ಯಾಚ್ ಪ್ರಕಾರ ಬರೆದಿಡುತ್ತಾರೆ, ತಂಪಿನಲ್ಲಿ, ಬೆಳಕು ತಾಗದ ಹಾಗೆ ಇಡುತ್ತಾರೆ. ಯಾಕೆಂದರೆ ಬಿಸಿ ತಾಗಿದರೆ ಓಝೋನೈಡ್ ಒಡೆದುಹೋಗುತ್ತದೆ. ಅತ್ತೆ ತಂದ ಬಾಟಲಿ ಬಿಳಿ ಗಾಜಿನದು. ಏಪ್ರಿಲ್ ಬಿಸಿಲಲ್ಲಿ ತಗಡಿನ ಶೆಡ್ಡಿನ ಕೆಳಗೆ ಜೋಡಿಸಿಟ್ಟು ಮಾರಿದ್ದರು. ಚೀಟಿಯಲ್ಲಿ ಪೆರಾಕ್ಸೈಡ್ ಮೌಲ್ಯ ಇರಲಿಲ್ಲ, ಬ್ಯಾಚ್ ನಂಬರ್ ಇರಲಿಲ್ಲ, ತಯಾರಿಕಾ ಲೈಸೆನ್ಸ್ ನಂಬರ್ ಕೂಡ ಇರಲಿಲ್ಲ. ಎಣ್ಣೆ ನೀರಿನ ಹಾಗೆ ತೆಳ್ಳಗಿತ್ತು.

ನಮ್ಮ ದೇಶದಲ್ಲಿ ಔಷಧ ಬೇರೆ, ಸೌಂದರ್ಯ ಸಾಮಗ್ರಿ ಬೇರೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಎರಡಕ್ಕೂ ಬೇರೆ ಬೇರೆ ಲೈಸೆನ್ಸ್ ಕೇಳುತ್ತದೆ. ಮೈಗೆ ಹಚ್ಚುವ ಎಣ್ಣೆ ಎಂದು ಲೈಸೆನ್ಸ್ ಪಡೆದು ರೋಗ ವಾಸಿ ಮಾಡುತ್ತೇನೆ ಎನ್ನುವ ಹಾಗಿಲ್ಲ. ಇನ್ನೊಂದು ಕಾಯ್ದೆ ಇದೆ, 1954ರದು, ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲೆ. ಅದರ ಪಟ್ಟಿಯಲ್ಲಿ ತೊನ್ನು, ಸಕ್ಕರೆ ಕಾಯಿಲೆ ಎರಡೂ ಇವೆ. ಅಂದರೆ 'ತೊನ್ನು ಗುಣಪಡಿಸುತ್ತೇವೆ' ಎಂದು ಕರಪತ್ರ ಹಂಚುವುದೇ ಅಪರಾಧ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಇದನ್ನು ಹಚ್ಚಿಕೊಂಡು ಹದಿನೈದು ದಿನ ಕಾಯುತ್ತ ಕೂತರೆ ಬೆರಳೇ ಹೋಗಬಹುದು. ಕರಪತ್ರದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಆ ಸಾಲು.

ಸೂರ್ಯಕಾಂತಿ ಎಣ್ಣೆ ಮನೆಯಲ್ಲೇ ಇದೆ, ತರಕಾರಿ ತೊಳೆಯುವ ಓಝೋನ್ ಯಂತ್ರ ಆನ್‌ಲೈನಿನಲ್ಲಿ ಸಿಗುತ್ತದೆ, ನಾವೇ ಮಾಡಿಕೊಂಡರೆ ಹೇಗೆ ಎಂದು ಕೇಳಿದ ಗೆಳೆಯನೂ ಇದ್ದಾನೆ. ಬೇಡ. ಕೆಲಸದ ಜಾಗದ ಗಾಳಿಯಲ್ಲಿ ಓಝೋನ್ ಒಂದು ಕೋಟಿ ಪಾಲಿಗೆ ಒಂದು ಪಾಲಿಗಿಂತ ಹೆಚ್ಚಿರಬಾರದು ಎಂಬ ಮಿತಿ ಇದೆ. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಊದಿದರೆ ಅದು ಸುಲಭವಾಗಿ ದಾಟುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ನಿಯಮದಲ್ಲಿ ಓಝೋನ್ ಅನಿಲವನ್ನು ವಿಷಾನಿಲ ಎಂದೇ ಬರೆದಿದ್ದಾರೆ. ಮನೆಯಲ್ಲಿ ದಮ್ಮು ಇರುವವರಿದ್ದರೆ ಕೇಳುವುದೇ ಬೇಡ. ಆಮ್ಲಜನಕ, ಎಣ್ಣೆ, ಹೈ ವೋಲ್ಟೇಜ್ ಮೂರೂ ಒಂದೇ ಕಡೆ ಇಟ್ಟುಕೊಳ್ಳುವುದು ಬೆಂಕಿಗೂ ದಾರಿ.

ಅತ್ತೆಯನ್ನು ತಾಲ್ಲೂಕು ಆಸ್ಪತ್ರೆಗೆ ಚರ್ಮದ ಡಾಕ್ಟರ್ ಬರುವ ದಿನ ಕರೆದುಕೊಂಡು ಹೋದೆ. ಡಾಕ್ಟರ್ ಎಣ್ಣೆಯ ಬಾಟಲಿಯನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಟ್ಯೂಬ್ ನೋಡಿದ ಮೇಲೆ ಮಾತ್ರ ಮುಖ ಗಂಟಿಕ್ಕಿದರು.

"ಯಮ್ಮಾ, ಇದನ್ನ ಎಷ್ಟ್ ದಿನ ಹಚ್ಚೀರಿ?"

"ಒಂದ್ ವರ್ಷ ಆತ್ರೀ ಸಾಹೇಬ್ರ, ಬಿಟ್ಟು ಬಿಟ್ಟು."

ಆ ಟ್ಯೂಬಿನಲ್ಲಿ ಫಂಗಸ್ ಔಷಧದ ಜೊತೆ ಸ್ಟೀರಾಯ್ಡ್ ಬೆರೆತಿತ್ತು. ಸ್ಟೀರಾಯ್ಡ್ ತುರಿಕೆ ನಿಲ್ಲಿಸುತ್ತದೆ, ಚರ್ಮದ ಕಾವಲನ್ನೂ ಮಲಗಿಸುತ್ತದೆ. ಒಳಗೆ ಫಂಗಸ್ ಹಾಯಾಗಿ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿದ್ದು ಇದಕ್ಕೇ. ನಮ್ಮ ಊರಿನಲ್ಲಿ ಇವತ್ತಿಗೂ 'ಗಜಕರ್ಣದ ಟ್ಯೂಬ್ ಕೊಡ್ರಿ' ಅಂದರೆ ಅದೇ ಕೈಗೆ ಬರುತ್ತದೆ. ಈ ನಡುವೆ ಫಂಗಸ್ಸೂ ಗಟ್ಟಿಯಾಗಿದೆ. ಭಾರತದಿಂದ ಮತ್ತು ನೇಪಾಳದಿಂದ ಜಪಾನಿಗೆ ಹೋದವರ ಮೈಮೇಲೆ ಸಿಕ್ಕ ಒಂದು ಬಗೆಗೆ 2020ರಲ್ಲಿ ಅಲ್ಲಿನ ವಿಜ್ಞಾನಿಗಳು ಭಾರತದ ಹೆಸರು ಸೇರಿಸಿಯೇ 'ಟ್ರೈಕೋಫೈಟಾನ್ ಇಂಡೋಟಿನಿಯೆ' ಎಂದು ಹೆಸರಿಟ್ಟರು. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಅದು ಬಹಳ ಸಲ ಬಗ್ಗುವುದಿಲ್ಲ. ಕ್ಯೂಬಾದಲ್ಲಿ ಎಣ್ಣೆ ಹಚ್ಚಿದ್ದು ಕಾಲಿಗೆ, ಸ್ಟೀರಾಯ್ಡ್ ತಿಂದು ಕೊಬ್ಬಿದ ಸೊಂಟದ ಗಜಕರ್ಣಕ್ಕಲ್ಲ.

ಡಾಕ್ಟರ್ ಟ್ಯೂಬ್ ನಿಲ್ಲಿಸಿದರು. ನುಂಗುವ ಮಾತ್ರೆ ಬರೆದರು, ಸ್ಟೀರಾಯ್ಡ್ ಇಲ್ಲದ ಮುಲಾಮು ಕೊಟ್ಟರು. ಮನೆಯಲ್ಲಿ ಇನ್ನಾರಿಗೆ ಇದೆ ಎಂದು ಕೇಳಿದಾಗ ಅತ್ತೆಯ ಸೊಸೆ, ಮೊಮ್ಮಗ ಇಬ್ಬರಿಗೂ ಇದೆ ಎಂದು ಹೊರಬಿತ್ತು. ಎಲ್ಲರೂ ಒಂದೇ ಟವೆಲ್ ಬಳಸುತ್ತಿದ್ದರು. ಮೂವರಿಗೂ ಔಷಧ ಶುರುವಾಯಿತು. ಒದ್ದೆ ಲಾಡಿ ಕಟ್ಟಬೇಡಿ, ಬಟ್ಟೆ ಬೇರೆ ಬೇರೆ ಒಗೆದು ಬಿಸಿಲಿಗೆ ಮಗುಚಿ ಹಾಕಿ, ಕಡಿತ ನಿಂತರೂ ಮಾತ್ರೆ ನಿಲ್ಲಿಸಬೇಡಿ ಎಂದು ಡಾಕ್ಟರ್ ಮೂರು ಸಲ ಹೇಳಿದರು. ಮೊದಲ ಎರಡು ವಾರ ತುರಿಕೆ ಹೆಚ್ಚಾಗಿ ಅತ್ತೆ ನನ್ನನ್ನು ಬೈದರು. ಪೂರ್ತಿ ಇಳಿಯಲು ಮೂರು ತಿಂಗಳು ಹಿಡಿಯಿತು.

ಆ ಎಣ್ಣೆಯ ಬಾಟಲಿಯನ್ನು ಅವರು ಎಸೆದಿಲ್ಲ. ದುಡ್ಡು ಕೊಟ್ಟಿದ್ದಲ್ಲವೇ, ದೇವರ ಗೂಡಿನ ಪಕ್ಕ ಕಿಟಕಿಯಲ್ಲಿ ಇಟ್ಟಿದ್ದಾರೆ. ಮೊನ್ನೆ ಹೋದಾಗ ಮುಚ್ಚಳ ತೆಗೆದು ಮೂಸಿದೆ. ಸಿಡಿಲಿನ ವಾಸನೆ ಏನೂ ಬರಲಿಲ್ಲ. ಎಣ್ಣೆ ಕಮಟು ಹಿಡಿದಿತ್ತು.